ಇಬ್ಬರಿಗೂ ಜೂನ್ ಒಂದು

ಕೊಂದ ಹುಡುಗನ ಹೆಸರನ್ನು ಎಲ್ಲಿಯೂ ಬರೆಯಬಾರದು ಎಂದು ಕಾನೂನು ಹೇಳುತ್ತದೆ. ಆದ್ದರಿಂದ ಅವನನ್ನು ಇಲ್ಲಿ ಮುನಿಕೃಷ್ಣ ಎಂದು ಕರೆಯುತ್ತೇನೆ. ಅದು ಅವನ ಹೆಸರಲ್ಲ. ಸತ್ತ ಹುಡುಗನ ಹೆಸರನ್ನೂ ಇಬ್ಬರ ಅಪ್ಪ ಅಮ್ಮಂದಿರ ಹೆಸರನ್ನೂ ಬದಲಿಸಿದ್ದೇನೆ. ವಯಸ್ಸನ್ನು ಮಾತ್ರ ಬದಲಿಸಿಲ್ಲ. ಆ ಕೆಲಸ ಒಮ್ಮೆ ಮಾಡಿದ್ದೇ ಸಾಕಾಗಿದೆ.

ನಾನು ದೊಡ್ಡಬಳ್ಳಾಪುರದ ಒಂದು ನೇಕಾರರ ಬೀದಿಯ ಸರ್ಕಾರಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದವನು. ನಿವೃತ್ತನಾಗಿ ಏಳು ವರ್ಷವಾಯಿತು, ಇರುವುದು ಅದೇ ಬೀದಿಯ ಕೊನೆಯ ಮನೆಯಲ್ಲಿ. ಬರೆಯಲು ಕುಳಿತಿರುವುದು ನನ್ನ ಬಗ್ಗೆ ಅಲ್ಲ, ಆದಿಲಕ್ಷ್ಮಮ್ಮನ ಬಗ್ಗೆ. ಆದರೆ ಆಕೆಯ ಬದುಕಿನ ಕಾಗದಗಳಲ್ಲಿ ನನ್ನ ಕೈಬರಹವೂ ಇದೆ, ಅದನ್ನು ಮುಚ್ಚಿಟ್ಟು ಬರೆದರೆ ಬರೆಯದಿರುವುದೇ ಮೇಲು.

ಆಕೆ ಹುಟ್ಟಿದ್ದು ದೇವನಹಳ್ಳಿಯಾಚೆಯ ವಿಜಯಪುರದಲ್ಲಿ. ಹತ್ತೊಂಬತ್ತಕ್ಕೆ ಕೋದಂಡರಾಮಯ್ಯನನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಮನೆ ಎಂದರೆ ಮುಂದಿನ ಹಜಾರದಲ್ಲಿ ಎರಡು ಪವರ್‌ಲೂಮ್, ಹಿಂದೆ ಒಂದು ಕೋಣೆ, ಒಂದು ಅಡುಗೆಮನೆ. ಮಗ್ಗ ನಡೆಸುವುದು ಗಂಡ. ಆಕೆಯದು ಕೆಚ್ಚುವ ಕೆಲಸ. ಮಗ್ಗದ ಮೇಲೆ ಒಂದು ಹಾಸು, ಅಂದರೆ ಉದ್ದಕ್ಕೆ ಹೂಡಿದ ಎಳೆಗಳು, ಮುಗಿದಾಗ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳ ತುದಿಯನ್ನು ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಒಂದೊಂದಾಗಿ ಹೊಸೆದು ಸೇರಿಸಬೇಕು. ನಾಲ್ಕು ಸಾವಿರ, ಐದು ಸಾವಿರ ಎಳೆ. ಒಂದು ತಪ್ಪಿ ಪಕ್ಕದ್ದಕ್ಕೆ ಸೇರಿದರೆ ಸೀರೆಯುದ್ದಕ್ಕೂ ಗೆರೆ ಕಾಣುತ್ತದೆ. ಆದಿಲಕ್ಷ್ಮಮ್ಮ ಕೆಚ್ಚಿದ ಹಾಸಿನಲ್ಲಿ ಗೆರೆ ಕಂಡವರಿಲ್ಲ. ಸುತ್ತಲ ಹತ್ತು ಮನೆಯವರು ಹಾಸು ಮುಗಿಯುವ ಮೊದಲೇ ಬಂದು ಆಕೆಗೆ ಹೇಳಿ ಹೋಗುತ್ತಿದ್ದರು. ಬೆರಳ ತುದಿಗಳಲ್ಲಿ ಚರ್ಮ ದಪ್ಪಗಾಗಿ, ಬಿಸಿ ಲೋಟ ಹಿಡಿದರೂ ಆಕೆಗೆ ತಿಳಿಯುತ್ತಿರಲಿಲ್ಲ. ಮಗ್ಗದ ಸದ್ದಿನಲ್ಲಿ ಬದುಕಿದವರೆಲ್ಲರ ಹಾಗೆ ಮಾತು ಸ್ವಲ್ಪ ಗಟ್ಟಿ. ನಮ್ಮ ಬೀದಿಯಲ್ಲಿ ಗುಟ್ಟು ಹೇಳುವುದಕ್ಕೂ ಕೂಗಬೇಕು.

ಹಜಾರದಲ್ಲೇ ಮಗ್ಗವಿರುವ ಮನೆಯಲ್ಲಿ ಮಗು ಅಂಬೆಗಾಲಿಡಲು ಶುರುಮಾಡಿದರೆ ತಾಯಿಯ ಜೀವ ಬಾಯಿಗೆ ಬರುತ್ತದೆ. ಅತ್ತಿತ್ತ ಓಡುವ ಲಾಳಿ ಒಮ್ಮೊಮ್ಮೆ ಹಾಸು ಬಿಟ್ಟು ಹಾರುತ್ತದೆ. ಮೋಟಾರಿನ ಬೆಲ್ಟು ಮಗುವಿನ ಕೈಯೆತ್ತರದಲ್ಲೇ ಸುತ್ತುತ್ತದೆ. ನನ್ನ ಶಾಲೆಯಲ್ಲಿ ಬೆರಳಿಲ್ಲದೆ ಬಳಪ ಹಿಡಿದ ಮಕ್ಕಳು ಮೂವರಿದ್ದರು. ಆದ್ದರಿಂದ ಬೀದಿಯ ತಾಯಂದಿರು ಮಗುವಿಗೆ ಐದು ತುಂಬುತ್ತಿದ್ದ ಹಾಗೇ ಕರೆತಂದು ಆರು ಎಂದು ಬರೆಸುತ್ತಿದ್ದರು. ಶಾಲೆಯಲ್ಲಿ ಓದು ಬರಲಿ ಬಿಡಲಿ, ಬೆರಳು ಉಳಿಯುತ್ತದೆ ಎನ್ನುವ ಲೆಕ್ಕ. ಎಲ್ಲ ಮಕ್ಕಳಿಗೂ ಒಂದು ಮನೆ ವಯಸ್ಸು, ಒಂದು ಶಾಲೆ ವಯಸ್ಸು. ಹುಟ್ಟಿದ ದಿನ ಎಂದು ಕೇಳಿದರೆ ಬರೆದುಕೊಳ್ಳಿ ಮೇಷ್ಟ್ರೇ ಎನ್ನುತ್ತಿದ್ದರು, ನಾನು ಜೂನ್ ಒಂದು ಎಂದು ಬರೆಯುತ್ತಿದ್ದೆ. ದಾಖಲಾತಿ ಪುಸ್ತಕ ತೆಗೆದು ನೋಡಿದರೆ ನಮ್ಮ ಬೀದಿಯ ಹೆಂಗಸರೆಲ್ಲ ವರ್ಷಕ್ಕೊಮ್ಮೆ ಒಂದೇ ದಿನ ಹೆರುತ್ತಿದ್ದರು ಅನ್ನಿಸಬೇಕು. ಇದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ನಾನು ನಿಜವಾಗಿ ನಂಬಿದ್ದೆ.

ಎರಡು ಸಾವಿರದ ಹದಿನಾಲ್ಕರ ಜೂನ್‌ನಲ್ಲಿ ಆದಿಲಕ್ಷ್ಮಮ್ಮ ಎರಡೂ ಕೈಯಲ್ಲಿ ಒಬ್ಬೊಬ್ಬ ಹುಡುಗನನ್ನು ಹಿಡಿದುಕೊಂಡು ಬಂದಳು. ಒಬ್ಬ ಆಕೆಯ ಮಗ ಯೋಗಾನಂದ. ಇನ್ನೊಬ್ಬ ಎದುರು ಮನೆಯ ಮುತ್ತಮ್ಮನ ಮಗ, ನಾನು ಮುನಿಕೃಷ್ಣ ಎಂದು ಕರೆಯುತ್ತಿರುವವನು. ಮುತ್ತಮ್ಮ ಗಾರ್ಮೆಂಟ್ಸ್‌ಗೆ ಹೋಗುವವಳು, ಏಳು ಗಂಟೆಯ ಬಸ್ಸು ತಪ್ಪಿದರೆ ಅವಳಿಗೆ ಆ ದಿನವೇ ಇಲ್ಲ. ಗಂಡ ಸೋಂಪುರದ ಫ್ಯಾಕ್ಟರಿಯೊಂದರಲ್ಲಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಹೀಗಾಗಿ ಹುಡುಗ ಬೆಳೆಯುತ್ತಿದ್ದದ್ದು ಹೆಚ್ಚುಕಡಿಮೆ ಆದಿಲಕ್ಷ್ಮಮ್ಮನ ಅಡುಗೆಮನೆಯಲ್ಲೇ. ಆಕೆಯನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದ. ಇಬ್ಬರೂ ಹುಟ್ಟಿದ್ದು ಎರಡು ಸಾವಿರದ ಒಂಬತ್ತರ ಏಪ್ರಿಲ್‌ನಲ್ಲಿ, ಯೋಗಾನಂದ ಹನ್ನೆರಡಕ್ಕೆ, ಇವನು ಇಪ್ಪತ್ತೊಂದಕ್ಕೆ. ಇಬ್ಬರಿಗೂ ಜನನ ಪತ್ರ ಮಾಡಿಸಿರಲಿಲ್ಲ. ಹುಟ್ಟಿದ ಸಣ್ಣ ನರ್ಸಿಂಗ್ ಹೋಂ ಅಷ್ಟು ಹೊತ್ತಿಗೆ ಮುಚ್ಚಿಹೋಗಿತ್ತು. ನಾನು ಇಬ್ಬರಿಗೂ ಒಂದು ಜೂನ್ ಎರಡು ಸಾವಿರದ ಎಂಟು ಎಂದು ಬರೆದೆ. ಹತ್ತು ತಿಂಗಳು ಜಾಸ್ತಿ. ಪೋಷಕರ ಸಹಿ ಎಂಬ ಜಾಗದಲ್ಲಿ ಎರಡು ಕಡೆಯೂ ಆದಿಲಕ್ಷ್ಮಮ್ಮ ಸಹಿ ಹಾಕಿದಳು. ಆ ತಾರೀಖೇ ಮುಂದೆ ಆಧಾರ್‌ಗೆ ಹೋಯಿತು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಹೋಯಿತು.

ಎರಡು ಸಾವಿರದ ಇಪ್ಪತ್ನಾಲ್ಕರ ನವೆಂಬರಿನ ಒಂದು ಭಾನುವಾರ, ಇಬ್ಬರೂ ಮೊದಲ ಪಿಯುಸಿಯಲ್ಲಿದ್ದಾಗ, ಮುನಿಕೃಷ್ಣ ಯೋಗಾನಂದನನ್ನು ಕೆರೆ ಏರಿಯ ಹತ್ತಿರ ಕರೆದುಕೊಂಡು ಹೋಗಿ ಚಾಕುವಿನಿಂದ ಮೂರು ಸಲ ತಿವಿದ. ಕಾರಣ ಒಂದು ವಿಡಿಯೋ. ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಎಲ್ಲರೆದುರು ಮುನಿಕೃಷ್ಣನ ಕೆನ್ನೆಗೆ ಹೊಡೆದಿದ್ದನ್ನು ಯೋಗಾನಂದ ಮೊಬೈಲಿನಲ್ಲಿ ಹಿಡಿದು, ಹಾಡು ಸೇರಿಸಿ, ಕಾಲೇಜಿನ ಗ್ರೂಪಿಗೆ ಹಾಕಿದ್ದ. ಹುಡುಗಿಯರೂ ನಕ್ಕರಂತೆ. ಚಾಕು ಕೊಂಡದ್ದು ಐದು ದಿನ ಮೊದಲು. ಕೊಂದ ಮೇಲೆ ಅವನು ಬೋರ್‌ವೆಲ್ಲಿನಲ್ಲಿ ಕೈಕಾಲು ತೊಳೆದು ಮನೆಗೆ ಬಂದ, ಅಮ್ಮ ಬಡಿಸಿದ ಅನ್ನ ಸಾರು ಉಂಡ, ಮಲಗಿದ. ಪೊಲೀಸರು ಬಂದು ಎಬ್ಬಿಸಿದರು.

ಆ ಊಟದ ವಿಷಯ ಊರಿನ ಬಾಯಿಗೆ ಬಿತ್ತು. ಕೊಂದು ಬಂದು ಉಂಡವನು ಮಗುವೇ ಎಂದು ಕೆಲವರು. ಮಗುವಲ್ಲದಿದ್ದರೆ ಉಣ್ಣಲು ಆಗುತ್ತಿತ್ತೇ ಎಂದು ಬೇಕರಿಯ ಮುಂದೆ ಒಬ್ಬ ಹೇಳಿ ಏಟು ತಿನ್ನುವುದರಲ್ಲಿದ್ದ. ಕಾಲೇಜಿನ ಹುಡುಗರು ಮೆರವಣಿಗೆ ಮಾಡಿದರು. ನಾನು ಎರಡೂ ಮಾತಿಗೆ ತಲೆಯಾಡಿಸಿದೆ, ಎರಡೂ ಸರಿ ಅನ್ನಿಸಿತು. ನಲವತ್ತು ವರ್ಷ ಮಕ್ಕಳ ಜೊತೆ ಕಳೆದವನಿಗೆ ಮಗು ಎಂದರೆ ಯಾರು ಎಂದು ಗೊತ್ತಿರಬೇಕಿತ್ತು. ಗೊತ್ತಿಲ್ಲ.

ಆದಿಲಕ್ಷ್ಮಮ್ಮ ಅಳಲಿಲ್ಲ. ಶವಾಗಾರದ ಮುಂದೆಯೂ ಇಲ್ಲ, ಮಣ್ಣು ಮಾಡುವಾಗಲೂ ಇಲ್ಲ. ಹದಿಮೂರು ದಿನ ಕಳೆದ ಮೇಲೆ ಹೋಗಿ ಒಬ್ಬರ ಮನೆಯಲ್ಲಿ ಹಾಸು ಕೆಚ್ಚಿ ಬಂದಳು. ಕಲ್ಲು ಹೆಂಗಸು ಎಂದು ಜನ ಆಡಿಕೊಂಡರು. ನಾನು ನೋಡಲು ಹೋದಾಗ ನೆಲದ ಮೇಲೆ ಕುಳಿತು ಬೀನ್ಸ್ ಸೋಸುತ್ತಿದ್ದಳು.

"ಅಳು ಬರ್ತಿಲ್ಲ ಮೇಷ್ಟ್ರೇ. ಕೋಪಾನೂ ಬರ್ತಿಲ್ಲ. ಒಳಗೆ ಏನೂ ಇಲ್ದಂಗೈತೆ" ಎಂದಳು.

ಒಂದೇ ಒಂದು ವಿಷಯಕ್ಕೆ ಆಕೆ ಮುಖ ಗಂಟಿಕ್ಕಿದ್ದನ್ನು ಕಂಡೆ. ಬೀದಿಯ ಹುಡುಗರು ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿಸಿದ್ದರು. ಯೋಗಾನಂದ ಕಪ್ಪು ಕನ್ನಡಕ ಹಾಕಿಕೊಂಡಿರುವ ಫೋಟೋ, ಕೆಳಗೆ ಜನನ ಒಂದು ಆರು ಎರಡು ಸಾವಿರದ ಎಂಟು, ಮರಣದ ತಾರೀಖು. ಅದರ ಮುಂದೆ ನಿಂತು ಆಕೆ, ಇದು ಯಾರು ಕೊಟ್ಟಿದ್ದು ಎಂದು ಕೇಳಿದಳು. ಆಧಾರ್ ಕಾರ್ಡಿನಲ್ಲಿ ಇರುವುದೇ ಅದು ಎಂದು ಹುಡುಗರು ಹೇಳಿದರು. ನಾನು ಪಕ್ಕದಲ್ಲೇ ಇದ್ದೆ. ಆಕೆ ನನ್ನ ಕಡೆ ನೋಡಲಿಲ್ಲ, ಮನೆಯೊಳಗೆ ಹೋದಳು. ನನಗೆ ನಾಚಿಕೆಯಾಯಿತು.

ಕಾನೂನಿನ ವಿಷಯ ನನಗೆ ತಿಳಿದಷ್ಟು ಹೇಳುತ್ತೇನೆ. ಹದಿನಾರು ತುಂಬದವನು ಎಂಥ ಘೋರ ತಪ್ಪು ಮಾಡಿದರೂ ಹೆಚ್ಚೆಂದರೆ ಮೂರು ವರ್ಷ ಮಕ್ಕಳ ನಿಲಯದಲ್ಲಿಟ್ಟು ಬಿಡುತ್ತಾರೆ. ಹದಿನಾರು ತುಂಬಿದವನಾದರೆ, ಅವನ ಬುದ್ಧಿ ದೊಡ್ಡವರಷ್ಟು ಬಲಿತಿದೆಯೇ ಎಂದು ಬಾಲ ನ್ಯಾಯ ಮಂಡಳಿ ನೋಡುತ್ತದೆ, ಬಲಿತಿದೆ ಅನ್ನಿಸಿದರೆ ದೊಡ್ಡವರ ಹಾಗೆಯೇ ವಿಚಾರಣೆ. ಆಗ ಜೀವಾವಧಿಯವರೆಗೂ ಹೋಗಬಹುದು. ಕೊಂದ ದಿನ ಮುನಿಕೃಷ್ಣನಿಗೆ ಶಾಲೆ ವಯಸ್ಸು ಹದಿನಾರೂವರೆ. ಮನೆ ವಯಸ್ಸು ಹದಿನೈದು ವರ್ಷ ಏಳು ತಿಂಗಳು.

ಅಂದರೆ ಕೊಂದವನನ್ನು ದೊಡ್ಡವನನ್ನಾಗಿ ಮಾಡಿದ್ದ ಕಾಗದದ ಮೇಲೆ ಇದ್ದದ್ದು ಸತ್ತವನ ತಾಯಿಯ ಸಹಿ.

ಮುನಿಕೃಷ್ಣನ ಪರ ಸರ್ಕಾರ ಕೊಟ್ಟಿದ್ದ ವಕೀಲ ಚಿಕ್ಕ ಪ್ರಾಯದವನು, ಚುರುಕು. ದಾಖಲಾತಿ ಪುಸ್ತಕ ತರಿಸಿ ಆ ಸಹಿಯನ್ನು ಕಂಡುಹಿಡಿದ. ಮುತ್ತಮ್ಮ ಹೇಳಿದರೆ ಮಗನನ್ನು ಉಳಿಸಿಕೊಳ್ಳಲು ಹೇಳುತ್ತಾಳೆ ಎನ್ನುತ್ತಾರೆ, ಬೀದಿಯವರು ಯಾರೂ ಬಾಯಿ ಬಿಡುತ್ತಿಲ್ಲ, ಆದರೆ ಯೋಗಾನಂದನ ತಾಯಿಯೇ ತಾರೀಖು ಸುಳ್ಳು ಎಂದರೆ ಮಂಡಳಿ ನಂಬಲೇಬೇಕು ಎಂಬುದು ಅವನ ಲೆಕ್ಕ. ಆಕೆಗೆ ಸಮನ್ಸ್ ಬಂತು. ನನಗೂ ಬಂತು.

ಕೋದಂಡರಾಮಯ್ಯ ಮಾತು ಕಡಿಮೆಯ ಮನುಷ್ಯ. ಮಗ ಸತ್ತ ಮೇಲೆ ಅವನು ಒಂದೇ ವಾಕ್ಯವನ್ನು ಹಿಡಿದುಕೊಂಡಿದ್ದ: "ದೊಡ್ಡವನಂಗೆ ಕೊಂದವ್ನೆ, ದೊಡ್ಡವನಂಗೆ ಅನುಭವಿಸ್ಲಿ." ಸುಳ್ಳು ಹೇಳಬೇಕಾಗಿಲ್ಲ, ಜ್ಞಾಪಕವಿಲ್ಲ ಎಂದರೆ ಸಾಕು ಎಂದು ಹೆಂಡತಿಗೆ ಹೇಳಿಕೊಟ್ಟ. ಹನ್ನೊಂದು ವರ್ಷದ ಹಿಂದಿನ ಮಾತು, ಯಾರು ತಾನೇ ಜ್ಞಾಪಕ ಇಟ್ಟುಕೊಳ್ಳುತ್ತಾರೆ. ಆಕೆ ಆಗಲಿ ಎಂದಳು.

ಸಮನ್ಸ್ ಬಂದ ನಾಲ್ಕನೆಯ ದಿನ, ಮಧ್ಯಾಹ್ನ ಕರೆಂಟ್ ಹೋಗಿ ಬೀದಿಯ ಮಗ್ಗಗಳೆಲ್ಲ ನಿಂತಿದ್ದಾಗ, ಮುತ್ತಮ್ಮ ಬಂದಳು. ಆರು ತಿಂಗಳಲ್ಲಿ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಕೆಲಸ ಬಿಟ್ಟಿದ್ದಳು, ಬಾಡಿಗೆಗೆ ಬೇರೆ ಕಡೆ ಹೋಗಿದ್ದಳು. ಕೋದಂಡರಾಮಯ್ಯನ ಜೊತೆ ನಾನೂ ಅಲ್ಲೇ ಕುಳಿತಿದ್ದೆ. ಅವನು ಎದ್ದು ಹೊರಗೆ ಹೋದ. ನಾನೂ ಏಳಬೇಕಿತ್ತು, ಏಳಲಿಲ್ಲ.

"ಅಕ್ಕಾ, ಬಿಡ್ಸು ಅಂತ ಕೇಳಕ್ ಬಂದಿಲ್ಲ. ಹುಟ್ಟಿದ್ ದಿನ ಒಂದು ಇದ್ದಂಗೆ ಹೇಳು" ಎಂದಳು ಮುತ್ತಮ್ಮ. ಕುಳಿತುಕೊಳ್ಳಲಿಲ್ಲ.

ಆದಿಲಕ್ಷ್ಮಮ್ಮ ಕೈಯಲ್ಲಿದ್ದ ನೂಲಿನ ಸಿಕ್ಕು ಬಿಡಿಸುತ್ತಲೇ ಇದ್ದಳು. "ನಿನ್ ಮಗ ಹುಟ್ಟಿದ್ದು ನೀನ್ ಹೇಳ್ಕೋ."

"ನಾನ್ ಹೇಳಿದ್ರೆ ಯಾರ್ ನಂಬ್ತಾರಕ್ಕಾ."

"ನನಗೆ ಜ್ಞಾಪಕ ಇಲ್ಲ."

ಮುತ್ತಮ್ಮ ತಿರುಗಿ ಹೋದಳು. ಹೆರಿಗೆಯಾಗಿ ಒಂಬತ್ತು ದಿನದ ಬಾಣಂತಿ ಆದಿಲಕ್ಷ್ಮಮ್ಮ, ನೋವು ತಿನ್ನುತ್ತಿದ್ದ ಮುತ್ತಮ್ಮನಿಗೆ ಬಿಸಿನೀರು ಕಾಯಿಸಿಕೊಟ್ಟು ಅತ್ತೆಯಿಂದ ಬೈಸಿಕೊಂಡಿದ್ದಳು ಎಂದು ನನ್ನ ಹೆಂಡತಿ ಎಷ್ಟೋ ಸಲ ಹೇಳಿದ್ದಳು. ಆ ದಿನ ಮರೆಯುವಂಥದ್ದಲ್ಲ. ಆಕೆಗೂ ಗೊತ್ತು, ಹೊಸ್ತಿಲು ದಾಟಿ ಹೋದವಳಿಗೂ ಗೊತ್ತು. ಆದರೂ ನಾನು ಒಳಗೊಳಗೇ ಆದಿಲಕ್ಷ್ಮಮ್ಮನ ಪರವಾಗಿದ್ದೆ. ಆಕೆ ಜ್ಞಾಪಕವಿಲ್ಲ ಎಂದರೆ ನನ್ನ ತಪ್ಪೂ ಮುಚ್ಚಿಹೋಗುತ್ತದೆ ಎಂಬುದೂ ಅದರಲ್ಲಿ ಸೇರಿತ್ತು. ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ, ಬರೆಯುತ್ತೇನೆ.

ವಿಚಾರಣೆ ಮೇ ತಿಂಗಳಲ್ಲಿ, ಬೆಳಗಿನ ಹೊತ್ತು. ನಾನು ಕಟಕಟೆ, ಕರಿ ಕೋಟು ಎಂದೆಲ್ಲ ಕಲ್ಪಿಸಿಕೊಂಡು ಹೋಗಿದ್ದೆ. ಅಲ್ಲಿದ್ದದ್ದು ಒಂದು ಸಾಮಾನ್ಯ ಕೋಣೆ, ಉದ್ದನೆಯ ಮೇಜು, ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ ಚಿಟ್ಟೆ ಹೂವುಗಳ ಚಿತ್ರ. ಮಧ್ಯದಲ್ಲಿ ಮ್ಯಾಜಿಸ್ಟ್ರೇಟ್ ಮೇಡಂ, ಎರಡು ಕಡೆ ಇಬ್ಬರು ಸದಸ್ಯರು. ಪೊಲೀಸರೂ ಸಮವಸ್ತ್ರದಲ್ಲಿರಲಿಲ್ಲ. ಮಕ್ಕಳು ಹೆದರಬಾರದು ಎಂದು ಹಾಗೆ ಮಾಡಿದ್ದಾರಂತೆ.

ಮುನಿಕೃಷ್ಣ ಗೋಡೆಯ ಪಕ್ಕ ಕುಳಿತಿದ್ದ. ಆರು ತಿಂಗಳಲ್ಲಿ ಅರ್ಧ ಗೇಣು ಬೆಳೆದಿದ್ದ, ತುಟಿಯ ಮೇಲೆ ಮೀಸೆ ಕಪ್ಪಗಾಗಿತ್ತು, ಪ್ಯಾಂಟು ಕಣಕಾಲಿನ ಮೇಲಕ್ಕೆ ಹೋಗಿತ್ತು. ಆದಿಲಕ್ಷ್ಮಮ್ಮ ಒಳಗೆ ಬಂದಾಗ ಮನೆಗೆ ದೊಡ್ಡವರು ಬಂದ ಹಾಗೆ ಎದ್ದು ನಿಂತ. ಪಕ್ಕದಲ್ಲಿದ್ದವರು ಭುಜ ಒತ್ತಿ ಕೂರಿಸಿದರು. ಆಕೆ ಅವನನ್ನು ನೋಡಿದಳು, ಬಹಳ ಹೊತ್ತು, ಕಾಲಿನಿಂದ ತಲೆಯವರೆಗೆ.

ಮೊದಲು ನನ್ನನ್ನು ಕರೆದರು. ತಾರೀಖು ಯಾವ ಆಧಾರದ ಮೇಲೆ ಬರೆದಿರಿ ಎಂದರು. ಪೋಷಕರು ಹೇಳಿದಂತೆ ಬರೆದೆ ಎಂದೆ. ಮೇಡಂ ಪುಟ ತಿರುವುತ್ತಾ ಹೋಗಿ, ಆ ವರ್ಷ ಸೇರಿದ ಇಪ್ಪತ್ತಮೂರು ಮಕ್ಕಳಲ್ಲಿ ಹತ್ತೊಂಬತ್ತು ಮಕ್ಕಳು ಒಂದೇ ದಿನ ಹುಟ್ಟಿದ್ದಾರಲ್ಲ, ನಿಮಗೆ ಅನುಮಾನ ಬರಲಿಲ್ಲವೇ ಎಂದರು. ಆಗೆಲ್ಲ ಹಾಗೇ ನಡೆಯುತ್ತಿತ್ತು ಎಂದೆ. ಹಾಗಾದರೆ ಈ ಹುಡುಗನ ನಿಜವಾದ ತಾರೀಖು ನಿಮಗೆ ಗೊತ್ತಿತ್ತೇ ಎಂದು ವಕೀಲ ಕೇಳಿದ. ಗೊತ್ತಿರಲಿಲ್ಲ ಎಂದುಬಿಟ್ಟೆ.

ಆಮೇಲೆ ಆಕೆ. ಸಹಿ ನಿಮ್ಮದೇ ಎಂದು ಕೇಳಿದರು. ನನ್ನದೇ ಎಂದಳು. ಮುನಿಕೃಷ್ಣ ಹುಟ್ಟಿದ್ದು ಯಾವಾಗ ಎಂದು ವಕೀಲ ಕೇಳಿದ. ಜ್ಞಾಪಕವಿಲ್ಲ ಎಂದಳು. ಸೇರಿಸುವಾಗ ವಯಸ್ಸು ಹೆಚ್ಚಿಸಿ ಹೇಳಿದಿರಾ ಎಂದ. ಜ್ಞಾಪಕವಿಲ್ಲ. ವಕೀಲ ಇನ್ನೆರಡು ಬಗೆಯಲ್ಲಿ ಅದನ್ನೇ ಕೇಳಿ ಸೋತು ಕುಳಿತ. ನನ್ನ ಪಕ್ಕದಲ್ಲಿ ಕೋದಂಡರಾಮಯ್ಯ ಕುರ್ಚಿಗೆ ಒರಗಿಕೊಂಡ. ಹಿಂದಿನ ಸಾಲಿನಲ್ಲಿದ್ದ ಮುತ್ತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಲ್ಲಿಗೆ ಮುಗಿದಿತ್ತು.

ಮೇಡಂ ಬರೆದದ್ದನ್ನು ಓದಿ ಸಹಿ ಮಾಡಿಸಬೇಕಿತ್ತು. ಸಾಕ್ಷಿಯ ಹೆಸರು, ಊರು, ಕಸುಬು, ಮೃತನಿಗೆ ಏನಾಗಬೇಕು ಎಂಬುದನ್ನೆಲ್ಲ ಗುಮಾಸ್ತೆ ತುಂಬುತ್ತಿದ್ದಳು. ಮೇಡಂ ಕಾಗದದಿಂದ ತಲೆಯೆತ್ತಿ, ಕೇಳಬೇಕಲ್ಲ ಎನ್ನುವ ಸಂಕೋಚದಿಂದ ಮೆಲ್ಲಗೆ ಕೇಳಿದರು: "ನಿಮ್ಮ ಮಗನಿಗೆ ಎಷ್ಟು ವಯಸ್ಸಾಗಿತ್ತಮ್ಮ?"

ಆಕೆಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ ಗಟ್ಟಿಯಾಗಿ ಕೇಳಿದರು.

"ಹದಿನೈದು."

ಕೋದಂಡರಾಮಯ್ಯ ಕೆಮ್ಮಿದ. ಮೇಡಂ ಫೈಲು ನೋಡಿದರು. ಎಲ್ಲ ಕಡೆ ಹದಿನಾರು ಎಂದಿದೆಯಲ್ಲ, ಯೋಚನೆ ಮಾಡಿ ಹೇಳಿ ಎಂದರು.

"ಹದಿನೈದು ವರ್ಷ, ಏಳು ತಿಂಗಳು, ಹನ್ನೆರಡು ದಿನ" ಎಂದಳು ಆದಿಲಕ್ಷ್ಮಮ್ಮ. ಮಗ್ಗದ ಮನೆಯಲ್ಲಿ ಮಾತನಾಡುವಷ್ಟೇ ಗಟ್ಟಿಯಾಗಿ. ಗುಮಾಸ್ತೆಯ ಕೈ ನಿಂತಿತು. ವಕೀಲ ಎದ್ದು ನಿಂತಿದ್ದ. ಅವನು ಜಾಣ, ಹೆಚ್ಚು ಕೇಳಲಿಲ್ಲ. ನಿಮ್ಮ ಮಗನಿಗೂ ಮುನಿಕೃಷ್ಣನಿಗೂ ಎಷ್ಟು ದಿನದ ಅಂತರ ಎಂದಷ್ಟೇ ಕೇಳಿದ.

ಆಗಲೂ ಜ್ಞಾಪಕವಿಲ್ಲ ಎನ್ನಬಹುದಿತ್ತು. ಗಂಡ ಆಕೆಯನ್ನೇ ನೋಡುತ್ತಿದ್ದ. ಆಕೆ ಗಂಡನನ್ನೂ ನೋಡಲಿಲ್ಲ, ಮುತ್ತಮ್ಮನನ್ನೂ ನೋಡಲಿಲ್ಲ. ಗೋಡೆಯ ಪಕ್ಕದ ಹುಡುಗನನ್ನು ನೋಡಿದಳು.

"ಒಂಬತ್ತು ದಿನ. ಇವನೇ ಚಿಕ್ಕವನು" ಎಂದಳು.

ಮಂಡಳಿ ಒಂದು ತಿಂಗಳ ನಂತರ ಆದೇಶ ಕೊಟ್ಟಿತು. ಕೊಂದ ದಿನ ಮುನಿಕೃಷ್ಣನಿಗೆ ಹದಿನಾರು ತುಂಬಿರಲಿಲ್ಲ. ಎಲ್ಲ ಮುಗಿದು, ಮೂರು ವರ್ಷ ಕಳೆದ ಮೇಲೆ ಅವನು ಹೊರಗೆ ಬರುತ್ತಾನೆ. ಆಗ ಹತ್ತೊಂಬತ್ತೋ ಇಪ್ಪತ್ತೋ ಆಗಿರುತ್ತದೆ, ಮದುವೆಯಾಗಿ ಮಕ್ಕಳನ್ನು ಪಡೆದು ಶಾಲೆಗೆ ಸೇರಿಸುವಷ್ಟು ಆಯಸ್ಸು ಮುಂದಿರುತ್ತದೆ. ಆದಿಲಕ್ಷ್ಮಮ್ಮ ದೊಡ್ಡ ಮನಸ್ಸಿನವಳು, ಕ್ಷಮಿಸಿದಳು ಎಂದು ಪೇಟೆಯಲ್ಲಿ ಮಾತಾಯಿತು. ಸುಳ್ಳು. ಆಕೆ ಯಾರನ್ನೂ ಕ್ಷಮಿಸಿಲ್ಲ. ಅವನು ಒಳಗೇ ಸಾಯಲಿ ಎಂದು ನನ್ನ ಮುಂದೆಯೇ ಎರಡು ಸಲ ಹೇಳಿದ್ದಾಳೆ, ಅಕ್ಕಿ ಮುಗಿದಿದೆ ಎನ್ನುವ ಧ್ವನಿಯಲ್ಲಿ.

ವಿಚಾರಣೆಯ ದಿನ ನಾವು ಮೂವರೂ ಒಂದೇ ಬಸ್ಸಿನಲ್ಲಿ ಹಿಂದಿರುಗಿದೆವು. ಆಕೆಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು, ನಾವಿಬ್ಬರು ನಿಂತಿದ್ದೆವು. ರೈಲ್ವೆ ಗೇಟಿನ ಹತ್ತಿರ ಬಸ್ಸು ನಿಂತಾಗ ಕೋದಂಡರಾಮಯ್ಯ ಬಗ್ಗಿ, ಎಲ್ಲರಿಗೂ ಕೇಳುವ ಹಾಗೆ, ಆದರೆ ಕೋಪವಿಲ್ಲದೆ ಕೇಳಿದ:

"ಅವನ್ ವಿಷ್ಯಕ್ಕೆ ಜ್ಞಾಪಕ ಇಲ್ಲ ಅಂದೆ. ನಮ್ಮೋನಿಗೆ ಹದಿನಾರು ಅಂತ ಒಂದ್ ಮಾತು ಅಂದಿದ್ರೆ ಮುಗ್ದೋಗ್ತಿತ್ತು. ಬಾಯಿಗೆ ಬರ್ಲಿಲ್ವಾ?"

ಆಕೆ ಕಿಟಕಿಯ ಆಚೆಯೇ ನೋಡುತ್ತಿದ್ದಳು.

"ಬರ್ಲಿಲ್ಲ. ಅವನು ಬದುಕಿದ್ದೇ ಹದಿನೈದು ವರ್ಷ. ಅವನು ಕಾಣದೇ ಇರೋ ಇನ್ನೊಂದ್ ವರ್ಷಾನ ನಾನ್ ಎಲ್ಲಿಂದ ತಂದ್ ಹೇಳ್ಲಿ."